‘ಅಸಿಡೋಸಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಸಕ್ಕರೆ ಕಾಯಿಲೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕೀಟೋಅಸಿಡೋಸಿಸ್’ (ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ತುಂಬಿಕೊಳ್ಳುವ ಸ್ಥಿತಿ) ಹತ್ತಿರ ಬಂದು ಗಾಡಿ ನಿಂತಿದೆ.

ಮೊದಲು ‘ಆಮ್ಲತೆ’ ಎಂದು ಬರೆದೆ. ಓದಿದ ಗೆಳತಿ, “ಹುಳಿತೇಗು, ಎದೆಯುರಿ ತಾನೇ?” ಅಂದಳು. ಅಲ್ಲವೇ ಅಲ್ಲ. ಅದು ಹೊಟ್ಟೆಯ ಮಾತು, ಇದು ರಕ್ತದ ಮಾತು. ‘ಆಮ್ಲಪಿತ್ತ’ಕ್ಕೂ ಅದೇ ತೊಂದರೆ.

‘ರಕ್ತ ಆಮ್ಲವಾಗುವುದು’ ಎಂದು ತಿದ್ದಿದೆ. ಅದು ಇನ್ನೂ ದೊಡ್ಡ ತಪ್ಪು. ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ; ಆಮ್ಲ ಹೆಚ್ಚಿದಷ್ಟೂ ಇಳಿಯುತ್ತದೆ) ಸಾಮಾನ್ಯವಾಗಿ 7.35ರಿಂದ 7.45. ಏಳರ ಮೇಲಿದ್ದರೆ ಕ್ಷಾರ ಅಂತ ಶಾಲೆಯಲ್ಲೇ ಕಲಿತಿದ್ದೇವೆ, ಅಲ್ವಾ? ಅದು 7.1ಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆದರೂ ಲೆಕ್ಕದ ಪ್ರಕಾರ ಆ ರಕ್ತ ಕ್ಷಾರವೇ! (7.4ರಿಂದ 7.1 ಸಣ್ಣ ಇಳಿತ ಅನಿಸುತ್ತದೆ. ಆಮ್ಲತನಕ್ಕೆ ಕಾರಣವಾದ ಹೈಡ್ರೋಜನ್ ಅಯಾನು ಅಷ್ಟರಲ್ಲೇ ಎರಡರಷ್ಟಾಗಿರುತ್ತದೆ.)

ಹಾಗಾಗಿ ಈಗ ‘ಆಮ್ಲವಾಲಿಕೆ’ ಎಂದು ಬರೆದಿದ್ದೇನೆ. ಆಮ್ಲದ ಕಡೆ ವಾಲುವುದು, ಅಷ್ಟೇ. ಆಲ್ಕಲೋಸಿಸ್ ‘ಕ್ಷಾರವಾಲಿಕೆ’. ಇದರಲ್ಲಿ ಇನ್ನೊಂದು ಅನುಕೂಲವಿದೆ. ಅಸಿಡೋಸಿಸ್ ಅಂದರೆ ಆ ಕಡೆಗಿನ ಎಳೆತ, ಪಿಎಚ್ 7.35ಕ್ಕಿಂತ ಇಳಿದೇ ಹೋದರೆ ಅದು ಅಸಿಡೀಮಿಯಾ. ಅಸಿಡೋಸಿಸ್ ಇರುವ ರೋಗಿಗೆ ವಾಂತಿಯೂ ಜಾಸ್ತಿಯಾಗಿ ಹೊಟ್ಟೆಯ ಆಮ್ಲ ಹೊರಬಿದ್ದರೆ, ಕ್ಷಾರದ ಕಡೆಗೂ ಎಳೆತ ಶುರು. ಆಗ ಪಿಎಚ್ ಸರಿಯಾಗಿಯೇ ಕಾಣಬಹುದು. ಎರಡು ಕಡೆಯೂ ಜಗ್ಗಾಟ, ಮುಳ್ಳು ಮಾತ್ರ ನಡುವೆ.

ನಿಜವಾದ ಜಗಳ ‘ಕಾಂಪೆನ್ಸೇಷನ್’ ಜೊತೆ, ಅಂದರೆ ಈ ವಾಲಿಕೆಯನ್ನು ದೇಹ ತಾನೇ ಸರಿದೂಗಿಸಲು ನೋಡುವುದು. ಸುಮ್ನೆ ‘ಪರಿಹಾರ’ ಎಂದು ಬರೆದುಬಿಡುವ ಅಭ್ಯಾಸ ನಮಗಿದೆ. ಇಲ್ಲಿ ಆಗುವುದೇನು? ರೋಗಿ ಮಲಗಿದಲ್ಲೇ, ದೂರದಿಂದ ಓಡಿ ಬಂದವರ ಹಾಗೆ ಆಳವಾಗಿ, ಬಿಡದೆ ಉಸಿರಾಡುತ್ತಾರೆ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ಆಮ್ಲ ಒಂದಿಷ್ಟು ತಗ್ಗುತ್ತದೆ. ಜರ್ಮನಿಯ ವೈದ್ಯ ಕುಸ್‌ಮೌಲ್ 1874ರಲ್ಲಿ ಬಣ್ಣಿಸಿದ ಉಸಿರಾಟ ಇದೇ. ಇದಕ್ಕೆ ಪರಿಹಾರ ಅಂದರೆ ಮನೆಯವರು ಕಾಯಿಲೆ ವಾಸಿಯಾಗುತ್ತಿದೆ ಅಂದುಕೊಂಡಾರು. ನೋಡಿದರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ಡ್ರಿಪ್ ಹಾಕಬೇಕು, ಇನ್ಸುಲಿನ್ ಕೊಡಬೇಕು, ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ‘ಸರಿದೂಗಿಸುವಿಕೆ’ ಅರ್ಥಕ್ಕೆ ಸರಿ, ಬಾಯಿಗೆ ಉದ್ದ. ಬರೀ ‘ದೂಗಿಕೆ’ ಸಾಕೇ?

ಇದರ ಮಧ್ಯೆ ‘ಆಮ್ಲಜನಕ’ ಬೇರೆ! ಆಮ್ಲ ಹುಟ್ಟಿಸುವುದು ಅದೇ ಎಂದು ಫ್ರೆಂಚ್ ವಿಜ್ಞಾನಿ ಲವಾಸಿಯೆ ತಪ್ಪು ತಿಳಿದು ಇಟ್ಟ ಹೆಸರಿನ ಕನ್ನಡ ರೂಪ. ಈ ಪುಟದಲ್ಲಂತೂ ನಾನು ಆಕ್ಸಿಜನ್ ಅಂತಲೇ ಉಳಿಸಿಕೊಂಡಿದ್ದೇನೆ.

‘ವಾಲಿಕೆ’ ನಿಮ್ಮ ಕಿವಿಗೆ ಹೇಗನಿಸುತ್ತದೆ? ಆಸ್ಪತ್ರೆಯಲ್ಲಿರುವವರು ಇದನ್ನು ರೋಗಿಯ ಮನೆಯವರಿಗೆ ಏನಂತ ಹೇಳುತ್ತೀರಿ?