ಹಾಲಿನ ಡೈರಿಗೆ ಡಿಎಫ್‌ಡಿ: ಲೆವೆಲ್ 1ರಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ

ಡೈರಿ_ಪ್ರಾಜೆಕ್ಟ್

ಎಲ್ಲರಿಗೂ ನಮಸ್ಕಾರ. ಬಿಸಿಎ ಓದುತ್ತಿದ್ದೇನೆ. ಈ ಸೆಮ್‌ನಲ್ಲಿ ಸಿಸ್ಟಮ್ಸ್ ಅನಾಲಿಸಿಸ್ ಅಂಡ್ ಡಿಸೈನ್ ಪೇಪರ್ ಇದೆ, ಜೊತೆಗೆ ಮಿನಿ ಪ್ರಾಜೆಕ್ಟ್. ಅದಕ್ಕೆ ಡಿಎಫ್‌ಡಿ (ಡೇಟಾ ಫ್ಲೋ ಡಯಾಗ್ರಾಮ್, ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ಚಿತ್ರ) ಬಿಡಿಸಬೇಕು. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನ ಲೈಬ್ರರಿ ಮ್ಯಾನೇಜ್‌ಮೆಂಟ್ ತೆಗೆದುಕೊಂಡಿದ್ದಾರೆ. ನಾನು ನಮ್ಮೂರಿನ ಹಾಲು ಉತ್ಪಾದಕರ ಸಂಘ ತೆಗೆದುಕೊಂಡೆ. ಮನೆಯಲ್ಲಿ ಹಸು ಇವೆ, ದಿನಾ ಡೈರಿಗೆ ಹೋಗಿ ಹಾಲು ಹಾಕಿ ಬರುತ್ತೇವೆ, ಗೊತ್ತಿರೋದೇ ಅಲ್ವಾ ಅಂತ.

ಕಾಂಟೆಕ್ಸ್ಟ್ ಡಯಾಗ್ರಾಮ್ (ಇಡೀ ಸಿಸ್ಟಮ್ ಅನ್ನು ಒಂದೇ ಪ್ರೋಸೆಸ್ ಆಗಿ ತೋರಿಸುವ ಲೆವೆಲ್ 0) ಪಾಸಾಯಿತು. ಅದನ್ನು ಬಿಡಿಸಿ ತೋರಿಸುವ ಲೆವೆಲ್ 1ರಲ್ಲಿ ಮೂರು ಪ್ರೋಸೆಸ್ (ಕೆಲಸ) ಹಾಕಿದ್ದೆ: ಹಾಲು ಸಂಗ್ರಹ, ಬಟವಾಡೆ, ವರದಿ. ಮೇಡಂ ಕೆಂಪು ಪೆನ್ನಿನಲ್ಲಿ ಮೂರು ಕಡೆ ಸುತ್ತು ಹಾಕಿ ವಾಪಸ್ ಕೊಟ್ಟಿದ್ದಾರೆ. ಒಂದು, ರೈತನಿಂದ ಸದಸ್ಯರ ಫೈಲ್‌ಗೆ ನೇರ ಬಾಣ ಹಾಕಿದ್ದು. ಎರಡು, ‘ವರದಿ’ಗೆ ಒಳಗೆ ಬರುವ ಬಾಣವೇ ಇಲ್ಲ. ಮೂರನೇದಕ್ಕೆ ಬರೀ ‘ಒಡೆದ ಹಾಲು ಬಂದರೆ?’ ಅಂತ ಬರೆದಿದ್ದಾರೆ. ಸರಿ ಮಾಡೋದು ಹೇಗೆ? ಮತ್ತೆ ನಿಜ ಹೇಳಿ, ಕಂಪನಿಗಳಲ್ಲಿ ಇದನ್ನೆಲ್ಲ ಯಾರಾದರೂ ಬಿಡಿಸುತ್ತಾರಾ ಅಥವಾ ಸುಮ್ನೆ ಇಂಟರ್ನಲ್ ಮಾರ್ಕ್ಸ್‌ಗೆ ಮಾತ್ರಾನಾ?

ಹಳೇ_ಅನಲಿಸ್ಟ್

ಮೊದಲ ಎರಡು ಸುಲಭ. ಡಿಎಫ್‌ಡಿಯಲ್ಲಿ ಪ್ರತಿ ಬಾಣದ ಒಂದು ತುದಿಯಾದರೂ ಪ್ರೋಸೆಸ್‌ಗೆ ತಾಗಿರಬೇಕು. ಹೊರಗಿನವರಿಂದ ಫೈಲಿಗೆ, ಫೈಲಿನಿಂದ ಫೈಲಿಗೆ, ಹೊರಗಿನವರಿಂದ ಹೊರಗಿನವರಿಗೆ ನೇರ ಬಾಣ ಇಲ್ಲ. ರೈತ ತಾನೇ ಹೋಗಿ ರಿಜಿಸ್ಟರ್‌ನಲ್ಲಿ ಬರೆಯಲ್ಲವಲ್ಲ, ಕಾರ್ಯದರ್ಶಿ ಅರ್ಜಿ ನೋಡಿ, ಷೇರು ಹಣ ತೆಗೆದುಕೊಂಡು, ನಂಬರ್ ಕೊಟ್ಟು ಬರೆಯುತ್ತಾರೆ. ಆ ಕೆಲಸಕ್ಕೆ ‘ಸದಸ್ಯರ ನೋಂದಣಿ’ ಅಂತ ಒಂದು ಪ್ರೋಸೆಸ್ ಬೇಕು. ಅದೇ ನಿಮ್ಮಲ್ಲಿ ಇಲ್ಲ.

ಏನೂ ಒಳಗೆ ಹೋಗದೆ ವರದಿ ಹೊರಗೆ ಬಂದರೆ ಅದನ್ನು ಮಿರಾಕಲ್ ಅಂತಾರೆ. ಒಳಗೆ ಹೋಗಿದ್ದು ಹೊರಗೆ ಬರದಿದ್ದರೆ ಬ್ಲ್ಯಾಕ್ ಹೋಲ್. ಇವೆರಡೂ ಕಣ್ಣಿಗೆ ಬೀಳುತ್ತವೆ. ಹುಷಾರಾಗಿರಬೇಕಾದ್ದು ಗ್ರೇ ಹೋಲ್ ಬಗ್ಗೆ. ಅಂದರೆ ಒಳಗೆ ಹೋಗುವ ಮಾಹಿತಿ ಹೊರಗೆ ಬರುವುದಕ್ಕೆ ಸಾಲದು. ನಿಮ್ಮ ‘ಬಟವಾಡೆ’ಗೆ ಲೀಟರ್ ಮತ್ತು ದರ ಮಾತ್ರ ಹೋಗುತ್ತಿದೆ ಅಂದುಕೊಳ್ಳಿ. ರೈತನ ಕೈಗೆ ಬರುವ ದುಡ್ಡಿನಲ್ಲಿ ಪಶು ಆಹಾರದ ಮೂಟೆಯ ಬಾಕಿ ಮುರಿದುಕೊಂಡಿರುತ್ತಾರೆ ಅಲ್ವಾ? ಆ ಬಾಕಿ ಎಲ್ಲಿಂದ ಬಂತು?

ಮೂರನೇದು ಡಯಾಗ್ರಾಮಿನ ತಪ್ಪೇ ಅಲ್ಲ, ನೀವು ನೋಡದೇ ಇರೋದು. ಅದಕ್ಕೆ ಉತ್ತರ ಇಲ್ಲಿ ಸಿಗಲ್ಲ, ನಿಮ್ಮ ಡೈರಿಯಲ್ಲೇ ಸಿಗಬೇಕು. ಬೆಳಿಗ್ಗೆ ಹಾಲು ಹಾಕಿ ವಾಪಸ್ ಬರಬೇಡಿ. ಮೊದಲ ಕ್ಯಾನ್‌ನಿಂದ ಕೊನೇ ಕ್ಯಾನ್‌ವರೆಗೆ ಕಾರ್ಯದರ್ಶಿ ಪಕ್ಕದಲ್ಲಿ ಕೂತು ನೋಡಿ. ಸಿಲಬಸ್‌ನಲ್ಲಿ ಫ್ಯಾಕ್ಟ್ ಫೈಂಡಿಂಗ್ ಅಂತ ಇರುತ್ತಲ್ಲ, ಸಂದರ್ಶನ, ಪ್ರಶ್ನಾವಳಿ, ದಾಖಲೆ ನೋಡುವುದು, ಕೂತು ಗಮನಿಸುವುದು. ಎಲ್ಲರೂ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತುಬಿಡುತ್ತಾರೆ, ಅಸಲಿ ವಿಷಯವೇ ಅದು. ದಿನಾ ಹೋಗುವ ಜಾಗ ಅಂದರೆ ಇನ್ನೂ ಕಷ್ಟ, ನಿಮಗೆ ಎಲ್ಲವೂ ಸಹಜ ಅನ್ನಿಸಿ ಪ್ರಶ್ನೆಯೇ ಹುಟ್ಟಲ್ಲ.

ಕೋಡ್_ಸಾಕು

ಸ್ವಲ್ಪ ಕಹಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿ ಪ್ರಾಡಕ್ಟ್ ಕಂಪನಿಯಲ್ಲಿದ್ದೇನೆ. ಲೆವೆಲ್ 0, ಲೆವೆಲ್ 1 ಅಂತ ಯಾರೂ ಬಿಡಿಸಲ್ಲ. ಯೂಸರ್ ಸ್ಟೋರಿ (ಬಳಸುವವರಿಗೆ ಏನು ಬೇಕು ಅಂತ ಒಂದೆರಡು ಸಾಲು) ಬರೆಯುತ್ತೇವೆ, ಬೋರ್ಡ್ ಮೇಲೆ ನಾಲ್ಕು ಡಬ್ಬ ಎಳೆಯುತ್ತೇವೆ, ಎರಡು ವಾರದ ಒಂದು ಸುತ್ತು ಕೆಲಸ (ಸ್ಪ್ರಿಂಟ್), ಮುಗಿಯಿತು. ಟಾಮ್ ಡಿಮಾರ್ಕೊ ಈ ಡಿಎಫ್‌ಡಿ ಪದ್ಧತಿ ಬಗ್ಗೆ ಪುಸ್ತಕ ಬರೆದದ್ದು 1978ರಲ್ಲಿ. ಓಎಂಜಿ ಅನ್ನುವ ಮಾನದಂಡ ಸಂಸ್ಥೆ ಯುಎಂಎಲ್ (ಸಾಫ್ಟ್‌ವೇರ್ ಚಿತ್ರ ಬಿಡಿಸುವ ಇನ್ನೊಂದು ಪದ್ಧತಿ) ಅನ್ನು ಒಪ್ಪಿಕೊಂಡದ್ದು 1997ರಲ್ಲಿ. ಸಣ್ಣ ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ಅಜೈಲ್ ಪದ್ಧತಿಯ ಮ್ಯಾನಿಫೆಸ್ಟೊ 2001. ನಮ್ಮ ಸಿಲಬಸ್ ಮಾತ್ರ ಇನ್ನೂ ವೃತ್ತ, ಬಾಣದಲ್ಲೇ ಇದೆ. ಮಾರ್ಕ್ಸ್ ತೆಗೆದುಕೊಳ್ಳಿ, ಪಾಸಾಗಿ, ನಾಲ್ಕು ಸ್ಕ್ರೀನ್ ಕೋಡ್ ಮಾಡಿ ತೋರಿಸಿ. ಇಂಟರ್‌ವ್ಯೂನಲ್ಲಿ ಕೇಳುವುದು ಅದನ್ನೇ.

ಪಾಠದ_ಮೇಷ್ಟ್ರು

@ಕೋಡ್_ಸಾಕು ನಿಮ್ಮದೇ ಕಂಪನಿಯ ಸೆಕ್ಯುರಿಟಿ ಟೀಮನ್ನು ಕೇಳಿ ನೋಡಿ. ಥ್ರೆಟ್ ಮಾಡೆಲಿಂಗ್ (ದಾಳಿ ಎಲ್ಲೆಲ್ಲಿ ಆಗಬಹುದು ಅಂತ ಮೊದಲೇ ಹುಡುಕುವುದು) ಮಾಡುವವರು ಸಾಮಾನ್ಯವಾಗಿ ಶುರು ಮಾಡುವುದೇ ಡಿಎಫ್‌ಡಿಯಿಂದ. ಮೈಕ್ರೋಸಾಫ್ಟ್‌ನ ಸ್ಟ್ರೈಡ್ ಪದ್ಧತಿಯಲ್ಲಿ ಇದೇ ಪ್ರೋಸೆಸ್, ಸ್ಟೋರ್ (ಫೈಲ್), ಬಾಣ ಇರುತ್ತವೆ, ಮೇಲೆ ಟ್ರಸ್ಟ್ ಬೌಂಡರಿ (ಯಾವ ಕಡೆಯನ್ನು ನಂಬಬಹುದು ಅನ್ನುವ ಗಡಿ) ಅಂತ ಒಂದು ಚುಕ್ಕಿ ಗೆರೆ ಅಷ್ಟೇ. ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಅದನ್ನು ಕಾಯುವುದು ಹೇಗೆ?

ಅಜೈಲ್ ಬಂದು ವಾಟರ್‌ಫಾಲ್ (ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಇಳಿಯುವ ಪದ್ಧತಿ) ಸತ್ತಿತು ಅನ್ನುವ ಕಥೆಯೂ ಅಷ್ಟು ಸರಳ ಇಲ್ಲ. ವಿನ್‌ಸ್ಟನ್ ರಾಯ್ಸ್ 1970ರ ಲೇಖನದಲ್ಲಿ ಆ ಮೆಟ್ಟಿಲಿನ ಚಿತ್ರ ಹಾಕಿ, ಹೀಗೇ ಮಾಡಿದರೆ ಅಪಾಯ ಅಂತ ಅಲ್ಲೇ ಎಚ್ಚರಿಸಿದ್ದರು. ಪರೀಕ್ಷೆಯಲ್ಲಿ ಮಾತ್ರ ವಾಟರ್‌ಫಾಲ್‌ನ ಅನುಕೂಲ, ಅನಾನುಕೂಲ ಬರೆಯಿರಿ ಅಂತ ನಾವೇ ಪ್ರತಿ ವರ್ಷ ಕೇಳುತ್ತೇವೆ, ಅದು ಬೇರೆ ಮಾತು.

ಡೈರಿಯವರೇ, ಒಡೆದ ಹಾಲಿನ ವಿಷಯಕ್ಕೆ ಡಿಸಿಷನ್ ಟೇಬಲ್ ಹಾಕಿ, ಅಂದರೆ ಯಾವ ಸಂದರ್ಭಕ್ಕೆ ಏನು ಮಾಡಬೇಕು ಅನ್ನುವ ಪಟ್ಟಿ. ಮೂರು ಪ್ರಶ್ನೆ ಇಟ್ಟುಕೊಳ್ಳಿ: ವಾಸನೆ ರುಚಿ ಸರಿ ಇದೆಯಾ, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ) ಮಿತಿಗಿಂತ ಮೇಲಿದೆಯಾ, ಹಾಕಿದವರು ಸದಸ್ಯರಾ. ಹೌದು ಇಲ್ಲ ಅಂತ ಮೂರು ಪ್ರಶ್ನೆಗೆ 8 ಕಾಲಂ ಆಗುತ್ತೆ. ವಾಸನೆಯಲ್ಲೇ ಫೇಲಾದರೆ ಉಳಿದ ಎರಡು ಪ್ರಶ್ನೆ ಕೇಳೋದೇ ಬೇಡ, ಹಾಲು ವಾಪಸ್. ಹಾಗಾಗಿ 4 ಕಾಲಂ ಒಂದಾಗಿ, ಒಟ್ಟು 5 ಉಳಿಯುತ್ತವೆ. ಪ್ರತಿ ಕಾಲಂ ಕೆಳಗೆ ಏನು ಮಾಡುತ್ತಾರೆ ಅಂತ ಬರೆಯಿರಿ. ಯಾವುದೋ ಒಂದು ಕಾಲಂಗೆ ನಿಮಗೇ ಉತ್ತರ ಗೊತ್ತಿರಲ್ಲ. ಕಾರ್ಯದರ್ಶಿಗೆ ಕೇಳಬೇಕಾದ ಪ್ರಶ್ನೆ ಅದೇ.

ಡೈರಿ_ಪ್ರಾಜೆಕ್ಟ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಕೂತು ನೋಡಿದೆ. ತಲೆ ಕೆಟ್ಟು ಹೋಯಿತು.

ಕ್ಯಾನ್ ಮುಚ್ಚಳ ತೆಗೆದು ಮೊದಲು ಮೂಸಿ ನೋಡುತ್ತಾರೆ. ಒಂದು ಸಲ ‘ಇದು ನಿನ್ನೆ ಸಂಜೆದು ಕಣಮ್ಮ’ ಅಂತ ಹಾಗೇ ವಾಪಸ್ ಕಳಿಸಿದರು. ಅದು ಎಲ್ಲೂ ದಾಖಲಾಗಲೇ ಇಲ್ಲ. ಆಮೇಲೆ ತಕ್ಕಡಿಗೆ ಸುರಿಯುತ್ತಾರೆ, ಸಣ್ಣ ಲೋಟದಲ್ಲಿ ಸ್ಯಾಂಪಲ್ ಮೆಷಿನ್‌ಗೆ ಹೋಗುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ಬರುತ್ತದೆ, ಚೀಟಿ ಹೊರಗೆ. ಇಲ್ಲಿವರೆಗೆ ನನ್ನ ಡಯಾಗ್ರಾಮ್ ಸರಿ ಇತ್ತು. ಮಧ್ಯದಲ್ಲಿ ಕರೆಂಟ್ ಹೋಯಿತು. ಕಾರ್ಯದರ್ಶಿ ಡ್ರಾಯರ್‌ನಿಂದ ಒಂದು ಹಳೇ ನೋಟ್‌ಬುಕ್ ತೆಗೆದು ನಂಬರ್, ಲೀಟರ್ ಬರೆದುಕೊಂಡರು, ಸ್ಯಾಂಪಲ್ ಲೋಟಗಳನ್ನು ಸಾಲಾಗಿ ಇಟ್ಟರು. ಕರೆಂಟ್ ಬಂದ ಮೇಲೆ ಒಂದೊಂದೇ ಟೆಸ್ಟ್ ಮಾಡಿ ಎಂಟ್ರಿ. ರೈತರೆಲ್ಲ ಚೀಟಿ ಇಲ್ಲದೆ ಹೊರಟುಹೋಗಿದ್ದರು.

ಇನ್ನೊಂದು. ಊರಿನವರು ಅಲ್ಲೇ ಅರ್ಧ ಲೀಟರ್, ಒಂದು ಲೀಟರ್ ಕೊಂಡುಕೊಂಡು ಹೋಗುತ್ತಾರೆ, ನಗದು. ಉಳಿದದ್ದು ಲಾರಿಗೆ. ಒಕ್ಕೂಟದವರು ಅವರ ಕಡೆ ಮತ್ತೆ ಅಳೆದು, ಮತ್ತೆ ಟೆಸ್ಟ್ ಮಾಡಿ, ಅವರ ಲೆಕ್ಕದ ಪ್ರಕಾರ ಸಂಘಕ್ಕೆ ದುಡ್ಡು ಕೊಡುತ್ತಾರಂತೆ. ಎರಡು ಲೆಕ್ಕಕ್ಕೂ ವ್ಯತ್ಯಾಸ ಬಂದರೆ? ‘ಅದು ಸಂಘದ ತಲೆ ಮೇಲೆ ಬೀಳುತ್ತೆ’ ಅಂದರು. ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ಬೇರೆ, ಅದು ಈ ಬಟವಾಡೆಯಲ್ಲಿ ಬರಲ್ಲ, ರೈತರ ಖಾತೆಗೆ ಬೇರೆಯಾಗಿ ಬರುತ್ತೆ. ಈಗ ಪ್ರೋಸೆಸ್ ಹದಿನಾಲ್ಕು ಆಗಿದೆ. ಎಲ್ಲವನ್ನೂ ಲೆವೆಲ್ 1ರಲ್ಲೇ ಹಾಕಲಾ?

ಹಳೇ_ಅನಲಿಸ್ಟ್

ಬೇಡ. ಆರೇಳಕ್ಕೆ ನಿಲ್ಲಿಸಿ, ಉಳಿದದ್ದನ್ನು ಲೆವೆಲ್ 2ಕ್ಕೆ ಇಳಿಸಿ. ‘ಹಾಲು ಸಂಗ್ರಹ’ ಒಂದನ್ನೇ ಬಿಡಿಸಿದರೆ ಪರಿಶೀಲನೆ, ಅಳತೆ, ಟೆಸ್ಟ್, ಚೀಟಿ ಎಲ್ಲ ಅಲ್ಲಿ ಸೇರುತ್ತವೆ. ಬ್ಯಾಲೆನ್ಸಿಂಗ್ ಮರೆಯಬೇಡಿ: ಮೇಲಿನ ಲೆವೆಲ್‌ನಲ್ಲಿ ಆ ಪ್ರೋಸೆಸ್‌ಗೆ ಎಷ್ಟು ಬಾಣ ಒಳಗೆ ಹೊರಗೆ ಇವೆಯೋ ಕೆಳಗೂ ಅಷ್ಟೇ ಇರಬೇಕು. ಈಗ ವಾಪಸ್ ಹೋದ ಹಾಲು ಅಂತ ಹೊಸ ಬಾಣ ರೈತನ ಕಡೆಗೆ ಬಂತಲ್ಲ, ಅದು ಲೆವೆಲ್ 1ರಲ್ಲೂ ಕಾಂಟೆಕ್ಸ್ಟ್‌ನಲ್ಲೂ ಕಾಣಬೇಕು. ಬಾಣದ ಮೇಲೆ ‘ಹಾಲು’ ಅಂತ ಬರೆಯಬೇಡಿ, ‘ತಿರಸ್ಕಾರದ ವಿವರ’ ಅಂತ ಬರೆಯಿರಿ. ಹರಿಯುವುದು ಮಾಹಿತಿ, ಹಾಲಲ್ಲ.

ಆ ನೋಟ್‌ಬುಕ್ ಇದೆಯಲ್ಲ, ಅದು ಡೇಟಾ ಸ್ಟೋರ್. ಕಡ್ಡಾಯವಾಗಿ ಹಾಕಿ. ವೈವಾದಲ್ಲಿ ಅದೊಂದರ ಬಗ್ಗೆ ಮಾತಾಡಿದರೆ ಸಾಕು, ನೀವು ನಿಜವಾಗಿ ಹೋಗಿ ನೋಡಿದ್ದೀರಿ ಅಂತ ಗೊತ್ತಾಗುತ್ತೆ.

ತಾಲ್ಲೂಕಾಫೀಸ್_ಪಕ್ಕ

ತಡವಾಗಿ ನೋಡಿದೆ. ಒಂದು ಮಾತು ಯಾರೂ ಹೇಳಿಲ್ಲ. ಈಗ ಇರುವುದನ್ನು ಬಿಡಿಸಿ ಅದನ್ನೇ ಕಂಪ್ಯೂಟರಿಗೆ ಹಾಕಿದರೆ ಅದು ಡಿಸೈನ್ ಆಗಲ್ಲ. ಡಿಮಾರ್ಕೊ ಕಾಲದಿಂದಲೂ ನಾಲ್ಕು ಹೆಜ್ಜೆ ಹೇಳುತ್ತಾರೆ. ಈಗ ಹೇಗೆ ನಡೆಯುತ್ತಿದೆ, ಅದರಲ್ಲಿ ಯಾರು ಯಾವ ಮೆಷಿನ್ ಅನ್ನೋದನ್ನು ಬಿಟ್ಟರೆ ಉಳಿಯುವ ಕೆಲಸ ಏನು, ಹೊಸದರಲ್ಲಿ ಏನು ಕೆಲಸ ಇರಬೇಕು, ಕೊನೆಗೆ ಅದನ್ನು ಯಾರು ಯಾವುದರಿಂದ ಮಾಡುತ್ತಾರೆ. ಕಾಲೇಜಿನಲ್ಲಿ ಮೊದಲನೇದರಿಂದ ನೇರವಾಗಿ ನಾಲ್ಕನೇದಕ್ಕೆ ಹಾರುತ್ತಾರೆ.

ನಮ್ಮ ಕರ್ನಾಟಕದಲ್ಲೇ ಜಮೀನಿನ ದಾಖಲೆ ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ನೋಡಿ. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿ. ಮೊದಲು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ ಇದ್ದದ್ದು. ಅಷ್ಟನ್ನೂ ಟೈಪ್ ಮಾಡಿಸಿದ್ದು ದೊಡ್ಡ ಕೆಲಸವೇ, ಆದರೆ ಅಷ್ಟಕ್ಕೇ ನಿಲ್ಲಿಸಿದ್ದರೆ ಹಳೇ ಕಥೆಯೇ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಮ್ಯುಟೇಷನ್ (ಜಮೀನಿನ ಖಾತೆ ಬದಲಾವಣೆ) ಅರ್ಜಿ ಬಂದ ಕ್ರಮದಲ್ಲೇ ವಿಲೇವಾರಿ ಆಗಬೇಕು ಅಂತ ಸಾಫ್ಟ್‌ವೇರ್‌ನಲ್ಲೇ ಕಟ್ಟಿದರು. ನಿಮ್ಮ ಅರ್ಜಿ ಹಾರಿಸಿ ನನ್ನದನ್ನು ಮೊದಲು ಮಾಡೋಕೆ ಆಗಲ್ಲ. ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕು. ಕೈಬರಹದ ಪಹಣಿಗೆ ಬೆಲೆ ಇಲ್ಲದಂತೆ ಮಾಡಿದರು. ಈ ಮೂರೂ ಯಾವ ಕೋಡರ್‌ಗೂ ತಾನಾಗಿ ಹೊಳೆಯುವ ವಿಷಯ ಅಲ್ಲ. ದುಡ್ಡು ಎಲ್ಲಿ ಕೇಳುತ್ತಾರೆ, ಕಡತ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಿದ್ದವರೇ ಇದನ್ನು ಹೇಳಬೇಕು.

ನಿಮ್ಮ ಡೈರಿಗೆ ಬನ್ನಿ. ಕರೆಂಟ್ ಹೋದಾಗ ಬರೆದ ನೋಟ್‌ಬುಕ್‌ನಿಂದ ಆಮೇಲೆ ಎಂಟ್ರಿ ಮಾಡುವಾಗ ಲೋಟ ಅದಲು ಬದಲಾದರೆ ನಿಮ್ಮ ಹಸುವಿನ ಫ್ಯಾಟ್ ಪಕ್ಕದ ಮನೆಯವರಿಗೆ ಹೋಗುತ್ತೆ. ಹೊಸ ಸಿಸ್ಟಮ್‌ನಲ್ಲಿ ಅದಕ್ಕೆ ಏನು ಮಾಡುತ್ತೀರಿ? ಯುಪಿಎಸ್ ಇಡುತ್ತೀರಾ, ಲೋಟಕ್ಕೆ ನಂಬರ್ ಹಾಕುತ್ತೀರಾ, ಆಮೇಲೆ ಮಾಡಿದ ಎಂಟ್ರಿಗೆ ರೈತನ ಮೊಬೈಲಿಗೆ ಎಸ್‌ಎಂಎಸ್ ಕಳಿಸುತ್ತೀರಾ? ಮೂರಕ್ಕೂ ಖರ್ಚು ಎಷ್ಟು ಅಂತ ಬರೆದರೆ ಫೀಸಿಬಿಲಿಟಿ (ಮಾಡೋಕೆ ಆಗುತ್ತಾ, ಖರ್ಚು ಗಿಟ್ಟುತ್ತಾ ಅನ್ನುವ) ಅಧ್ಯಾಯವೂ ತುಂಬಿತು.

ಕೋಡ್_ಸಾಕು

ಭೂಮಿ ಉದಾಹರಣೆ ಚೆನ್ನಾಗಿದೆ, ಒಪ್ಪಿದೆ. ಆದರೂ ಲೆವೆಲ್ 2 ಬಿಡಿಸುವುದರಲ್ಲೇ ಇಡೀ ಸೆಮ್ ಕಳೆಯಬೇಡಿ. ಲೋಟಕ್ಕೆ ನಂಬರ್ ಹಾಕೋದಕ್ಕೆ ಸಾಫ್ಟ್‌ವೇರೇ ಬೇಡ, ಒಂದು ಮಾರ್ಕರ್ ಪೆನ್ ಸಾಕು. ಅದನ್ನೂ ರಿಪೋರ್ಟ್‌ನಲ್ಲಿ ಬರೆಯಿರಿ.

ಡೈರಿ_ಪ್ರಾಜೆಕ್ಟ್

ಮಾರ್ಕರ್ ಐಡಿಯಾ ಕಾರ್ಯದರ್ಶಿಗೆ ಈಗಲೇ ಹೇಳುತ್ತೇನೆ 😄 ಕೊನೇ ಪ್ರಶ್ನೆ. ಪ್ರೋಸೆಸ್‌ಗೆ ವೃತ್ತ ಹಾಕಬೇಕಾ, ಮೂಲೆ ದುಂಡಗಿರುವ ಚೌಕ ಹಾಕಬೇಕಾ? ಎರಡು ಪುಸ್ತಕದಲ್ಲಿ ಎರಡು ಥರ ಇದೆ.

ಪಾಠದ_ಮೇಷ್ಟ್ರು

ವೃತ್ತ ಯೌರ್ಡನ್-ಡಿಮಾರ್ಕೊ, ದುಂಡು ಮೂಲೆ ಗೇನ್-ಸಾರ್ಸನ್. ಯಾವುದಾದರೂ ನಡೆಯುತ್ತೆ, ಎರಡನ್ನೂ ಒಂದೇ ಚಿತ್ರದಲ್ಲಿ ಬೆರೆಸಬೇಡಿ. ನಿಮ್ಮ ಮೇಡಂ ಬೋರ್ಡ್ ಮೇಲೆ ಯಾವುದನ್ನು ಬಿಡಿಸಿದ್ದಾರೋ ಅದನ್ನೇ ಹಾಕಿ, ವಾದ ಬೇಡ.