ಆವಿಲಾದ ತೆರೇಸಾ: ದರ್ಶನ ಕಂಡವರೇ ಮಠ ಕಟ್ಟಿದ್ದು ಹೇಗೆ?

ಹಾಸನದ ಓದುಗ:

ಹಾಸನದಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಸೇರಿ ಓದುವ ಪರಿಪಾಠ ಇಟ್ಟುಕೊಂಡಿದ್ದೇವೆ. ವಚನ, ಕೀರ್ತನೆಗಳಾದ ಮೇಲೆ ಈ ಸಲ ಸ್ಪೇನಿನ ಕಾರ್ಮೆಲ್ ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಭೆಯ ಸಂತ, ಆವಿಲಾದ ತೆರೇಸಾ ಅವರನ್ನು ಪರಿಚಯಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಇವರು ಕಲ್ಕತ್ತೆಯ ಮದರ್ ತೆರೇಸಾ ಅಲ್ಲ, ಫ್ರಾನ್ಸಿನ ಪುಟ್ಟ ತೆರೇಸಾ ಕೂಡ ಅಲ್ಲ ಎಂದು ವಿವರಿಸುವುದರಲ್ಲೇ ಕಳೆದ ಸಭೆಯ ಅರ್ಧ ಹೊತ್ತು ಹೋಯಿತು.

ನನ್ನ ಸಂದೇಹಗಳು ಎರಡು. ಅವರು 1582ರ ಅಕ್ಟೋಬರ್ 4ರ ರಾತ್ರಿ ತೀರಿಕೊಂಡರು, ಮರುದಿನ ಅಕ್ಟೋಬರ್ 15ರಂದು ಸಮಾಧಿಯಾಯಿತು ಎಂದು ಓದಿದೆ. ಇದು ಅಚ್ಚಿನ ತಪ್ಪೇ? ಇನ್ನೊಂದು ಸ್ವಲ್ಪ ದೊಡ್ಡದು. ದರ್ಶನಗಳನ್ನು ಕಂಡು ಮೈಮರೆಯುತ್ತಿದ್ದವರೇ ಊರೂರು ಅಲೆದು, ಮನೆ ಕೊಂಡು, ಸಾಲ ತೀರಿಸಿ ಹದಿನೇಳು ಕನ್ಯಾಮಠಗಳನ್ನು ಸ್ಥಾಪಿಸಿದರೆಂಬುದನ್ನು ಒಟ್ಟಿಗೆ ಗ್ರಹಿಸುವುದು ಹೇಗೆ? ನಮ್ಮ ಬಳಗದ ಹಿರಿಯರೊಬ್ಬರು ಆ ದರ್ಶನಗಳೆಲ್ಲ ಕಾಯಿಲೆಯ ಫಲ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ.

ಕೋಟೆ ರಸ್ತೆ, ಚಿಕ್ಕಮಗಳೂರು:

ಅಚ್ಚಿನ ತಪ್ಪಲ್ಲ ಸರ್. ಗ್ರೆಗೋರಿಯನ್ ಪಂಚಾಂಗ ಜಾರಿಗೆ ಬಂದದ್ದು ಅದೇ ರಾತ್ರಿ. ಹತ್ತು ದಿನಗಳನ್ನು ಕೈಬಿಟ್ಟಿದ್ದರಿಂದ ಸ್ಪೇನಿನಲ್ಲಿ 4ರ ಮರುದಿನವೇ 15 ಆಯಿತು. ಅವರ ಹಬ್ಬವನ್ನು ಇಂದಿಗೂ ಅಕ್ಟೋಬರ್ 15ರಂದೇ ಆಚರಿಸುತ್ತಾರೆ.

ಎರಡನೆಯ ಪ್ರಶ್ನೆಗೆ ಅವರು ಬಿಟ್ಟುಬಂದ ಮಠವನ್ನು ನೋಡಬೇಕು. 1515ರಲ್ಲಿ ಹುಟ್ಟಿದ ತೆರೇಸಾ ಇಪ್ಪತ್ತರ ಹರೆಯದಲ್ಲಿ ಆವಿಲಾದ ಇನ್‌ಕಾರ್ನೇಷನ್ ಮಠ ಸೇರಿದರು. ಅಲ್ಲಿ ನೂರಕ್ಕೂ ಮಿಕ್ಕಿ ಹೆಂಗಸರಿದ್ದರು. ಸಿರಿವಂತರ ಮನೆಯ ಹೆಣ್ಣುಮಕ್ಕಳಿಗೆ 'ದೊನ್ಯಾ' ಎಂಬ ಬಿರುದು, ಸ್ವಂತ ಕೋಣೆಗಳು, ಊಳಿಗದವರು. ಬಡವರಿಗೆ ಸಾಮೂಹಿಕ ಮಲಗುಕೋಣೆ. ಎಲ್ಲರಿಗೂ ಉಣ್ಣಿಸುವ ಶಕ್ತಿ ಮಠಕ್ಕಿಲ್ಲದೆ ಕೆಲವರನ್ನು ನೆಂಟರ ಮನೆಗೆ ಕಳುಹಿಸುತ್ತಿದ್ದರು. ಹಗಲೆಲ್ಲ ಭೇಟಿಯ ಕೋಣೆಯಲ್ಲಿ ಹರಟೆ. ಮೌನವಾಗಿ ಕುಳಿತು ಪ್ರಾರ್ಥಿಸಬೇಕೆಂದವರಿಗೆ ಅಲ್ಲಿ ಜಾಗವಿರಲಿಲ್ಲ. 1562ರ ಆಗಸ್ಟ್ 24ರಂದು ಸಂತ ಜೋಸೆಫರ ಹೆಸರಿನಲ್ಲಿ ಅವರು ತೆರೆದ ಮೊದಲ ಮಠ ಬೆರಳೆಣಿಕೆಯ ಹೆಂಗಸರಿಗಾಗಿ ಮಾಡಿದ ಪುಟ್ಟ ಮನೆ. (ನಮ್ಮೂರಿನ ಪ್ರಧಾನ ದೇವಾಲಯವೂ ಸಂತ ಜೋಸೆಫರದೇ ಆದ್ದರಿಂದ ಇದನ್ನು ಓದುವಾಗ ನನಗೊಂದು ಸಣ್ಣ ಖುಷಿ.)

ಈ ಮಠಗಳಲ್ಲಿ ವಂಶದ ಹಿರಿಮೆಯನ್ನು ಆಡಬಾರದು, ಎಲ್ಲರೂ ಸಮಾನರು ಎಂದು ತಮ್ಮ 'ಪರಿಪೂರ್ಣತೆಯ ದಾರಿ' ಪುಸ್ತಕದಲ್ಲಿ ಖಡಾಖಂಡಿತವಾಗಿ ಬರೆದಿದ್ದಾರೆ. ಅದರ ಹಿಂದೆ ಒಂದು ಮನೆಯ ಗುಟ್ಟಿತ್ತು. ಅವರ ಅಜ್ಜ ಯಹೂದಿ ಮೂಲದ ಟೊಲೇಡೊ ವ್ಯಾಪಾರಿ. ಕ್ರೈಸ್ತರಾದ ಮೇಲೂ ಗುಟ್ಟಾಗಿ ಹಳೆಯ ಆಚರಣೆ ಮಾಡುತ್ತಿದ್ದಾರೆಂಬ ಆಪಾದನೆಯ ಮೇಲೆ 1485ರಲ್ಲಿ ಧರ್ಮವಿಚಾರಣಾ ಮಂಡಳಿ (ಇನ್‌ಕ್ವಿಸಿಷನ್) ಅವರನ್ನು ಅವಮಾನದ ನಿಲುವಂಗಿ ತೊಡಿಸಿ ಮೆರವಣಿಗೆಯಲ್ಲಿ ನಡೆಸಿತ್ತು. ವಂಶದಲ್ಲಿ ಯಹೂದಿ, ಮುಸ್ಲಿಮರ ಬೆರಕೆಯಿಲ್ಲವೆಂಬ 'ರಕ್ತಶುದ್ಧಿ'ಯ ಮಾತೇ ದೊಡ್ಡದಾಗಿದ್ದ ದೇಶದಲ್ಲಿ ಆ ಅಜ್ಜನ ಮೊಮ್ಮಗಳು ಕುಲ ಕೇಳಬೇಡಿ ಎಂದದ್ದು ಬರಿಯ ಉಪದೇಶ ಎನಿಸುವುದಿಲ್ಲ.

ಆಲ್ದೂರು ಕಡೆಯ ಬೆಳೆಗಾರ:

ನಾನು ಧರ್ಮಶಾಸ್ತ್ರ ಓದಿದವನಲ್ಲ. ಆದರೆ ಅವರ ಆತ್ಮಕಥೆಯ 11ನೇ ಅಧ್ಯಾಯದಿಂದ ಶುರುವಾಗುವ ನಾಲ್ಕು ನೀರಿನ ಹೋಲಿಕೆಯನ್ನು ತೋಟದವನಾಗಿ ಓದಿದ್ದೇನೆ. ಪ್ರಾರ್ಥಿಸುವವನು ತೋಟದ ಮಾಲಿ, ತೋಟ ದೇವರದು. ಮೊದಲು ಬಾವಿಯಿಂದ ಸೇದಿ ಹೊಯ್ಯಬೇಕು; ಎರಡನೆಯದರಲ್ಲಿ ಬಿಂದಿಗೆ ಕಟ್ಟಿದ ಚಕ್ರ ತಿರುಗಿಸಿದರೆ ದುಡಿಮೆ ಕಡಿಮೆ, ನೀರು ಹೆಚ್ಚು; ಮೂರನೆಯದು ಹೊಳೆಯ ನೀರು, ಹಾಯಿಸಿದರೆ ಸಾಕು; ನಾಲ್ಕನೆಯದು ಮಳೆ, ಅದರಲ್ಲಿ ಮಾಲಿಯ ಕೈ ಏನೇನೂ ಇಲ್ಲ.

ಫೆಬ್ರವರಿ ಕೊನೆಯಲ್ಲಿ ನಮ್ಮ ರೋಬಸ್ಟಾ ಕಾಫಿ ತೋಟಕ್ಕೆ ಬಂದು ನೋಡಿ. ಕೆರೆಗೆ ಮೋಟಾರು ಇಟ್ಟು, ಹೆಗಲ ಮೇಲೆ ಪೈಪು ಹೊತ್ತು, ಮೂರು ಮೂರು ಗಂಟೆಗೊಮ್ಮೆ ಸ್ಪ್ರಿಂಕ್ಲರ್ ಜಾಗ ಬದಲಿಸುತ್ತಾ ರಾತ್ರಿ ಕಳೆಯುತ್ತೇವೆ. ಹಾಗಿರುವಾಗ ಒಂದು ಸಂಜೆ ಒಂದೂಕಾಲು ಇಂಚು ಹೂಮಳೆ ಬಿದ್ದರೆ ಇಡೀ ಬೆಟ್ಟ ಏಕಕಾಲಕ್ಕೆ ನೆನೆದು, ಎಂಟು ಹತ್ತು ದಿನದಲ್ಲಿ ಗಿಡವೆಲ್ಲ ಹೂಬಿಟ್ಟು ಬೆಳ್ಳಗಾಗುತ್ತದೆ. ಆ ಮಳೆ ಬಂದ ರಾತ್ರಿ ಮೋಟಾರು ನಿಲ್ಲಿಸಿ ಜಗಲಿಯಲ್ಲಿ ಸುಮ್ಮನೆ ಕುಳಿತವನಿಗೆ ತೆರೇಸಾ ಹೇಳುವ ನಾಲ್ಕನೆಯ ನೀರು ತಟ್ಟನೆ ಅರ್ಥವಾಗುತ್ತದೆ.

ಆದರೆ ಮಳೆ ಬರುತ್ತದೆಂದು ಪೈಪು ಎತ್ತದೆ ಕೂರುವಂತಿಲ್ಲ, ಅವರೂ ಅದನ್ನೇ ಹೇಳುತ್ತಾರೆ. ಒಂದು ನೀರು ನಿಂತರೆ ಇನ್ನೊಂದಕ್ಕೆ ಪ್ರಯತ್ನಿಸಬೇಕು. ಬಾವಿಯೇ ಬತ್ತಿದರೂ ಮಾಲಿ ತನ್ನ ಪಾಲಿನ ಕೆಲಸ ಬಿಡಬಾರದು, ನೀರಿಲ್ಲದೆಯೂ ಗಿಡ ಉಳಿಸುವುದು ದೇವರಿಗೆ ಗೊತ್ತು ಎನ್ನುತ್ತಾರೆ. ಬಹಳ ವರ್ಷ ಒಣ ಬಾವಿಗೆ ಕೊಡ ಇಳಿಸಿದವರು ಮಾತ್ರ ಹೀಗೆ ಬರೆಯಬಲ್ಲರು.

ಸಕಲೇಶಪುರದಿಂದ:

ಕಾಯಿಲೆಯ ಮಾತಿಗೆ ನನ್ನದೊಂದು ಸೇರ್ಪಡೆ. ಕಾಯಿಲೆ ಇದ್ದದ್ದು ನಿಜ, ಅದನ್ನು ಮೊದಲು ಬರೆದವರೂ ಅವರೇ. 1539ರಲ್ಲಿ ನಾಲ್ಕು ದಿನ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಗ ಮಠದಲ್ಲಿ ಗುಂಡಿ ತೋಡಿ ಕಾದಿದ್ದರು. ಎಚ್ಚರಾದಾಗ ಕಣ್ಣ ರೆಪ್ಪೆಯ ಮೇಲೆ ಮೇಣದ ಹನಿ ಇತ್ತಂತೆ. ಆಮೇಲೆ ಸುಮಾರು ಮೂರು ವರ್ಷ ಕೈಕಾಲು ಸ್ವಾಧೀನವಿರಲಿಲ್ಲ. ಅಂಬೆಗಾಲಿಡುವಷ್ಟು ಶಕ್ತಿ ಬಂದಾಗ ದೇವರನ್ನು ಸ್ತುತಿಸಿದೆ ಎನ್ನುತ್ತಾರೆ.

ಆದರೆ ತಮ್ಮ ಹಿರಿಯರಿಗೆ ಹೀಗೆ ಉತ್ತರಿಸಿ: ಮೈಮರೆವನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯಬೇಡಿ ಎಂದು ಅವರಿಗಿಂತ ನಾನೂರು ವರ್ಷ ಮೊದಲೇ ಹೇಳಿದವರು ತೆರೇಸಾ. ಆತ್ಮವನ್ನು ಏಳು ಅಂಕಣಗಳ (ನಿವಾಸಗಳ) ಕೋಟೆಗೆ ಹೋಲಿಸುವ ಅವರ 1577ರ ಪುಸ್ತಕ 'ಅಂತರಂಗದ ಕೋಟೆ'ಯ ನಾಲ್ಕನೆಯ ಅಂಕಣದಲ್ಲಿ, ಎಂಟು ಗಂಟೆ ಪರವಶಳಾಗಿ ಕೂರುತ್ತಿದ್ದ ಒಬ್ಬಾಕೆಯ ಪ್ರಸಂಗ ಬರುತ್ತದೆ. ಹೊಟ್ಟೆತುಂಬ ಉಣ್ಣಿಸಿ, ನಿದ್ದೆ ಮಾಡಿಸಿ, ಉಪವಾಸ ತಪಸ್ಸು ಕಡಿಮೆ ಮಾಡಿಸಿದ ಮೇಲೆ ಅದು ನಿಂತುಹೋಯಿತು. ನಿಶ್ಶಕ್ತಿಯನ್ನು ಸಮಾಧಿಯೆಂದು ಭ್ರಮಿಸಿದ್ದರು, ಅಷ್ಟೆ. ಈ ಪುಸ್ತಕ ಬರೆಯುವಾಗ ಅವರ ಆತ್ಮಕಥೆ ಧರ್ಮವಿಚಾರಣಾ ಮಂಡಳಿಯ ವಶದಲ್ಲಿತ್ತು ಎಂಬುದನ್ನೂ ಮರೆಯಬಾರದು. ಅವರ ಸುಧಾರಣೆಯಲ್ಲಿ ಜೊತೆಯಾಗಿದ್ದ ಶಿಲುಬೆಯ ಯೋವಾನರನ್ನು (ಜಾನ್ ಆಫ್ ದ ಕ್ರಾಸ್) ಅದೇ ಡಿಸೆಂಬರಿನಲ್ಲಿ ಸುಧಾರಣೆ ಒಪ್ಪದ ಸ್ವಂತ ಸಭೆಯವರೇ ಹಿಡಿದು ಟೊಲೇಡೊದಲ್ಲಿ ಕೂಡಿಹಾಕಿದರು. ಪೋಪರ ರಾಯಭಾರಿಯಂತೂ ತೆರೇಸಾರನ್ನು ನಿಂತಲ್ಲಿ ನಿಲ್ಲದ ಅಲೆಮಾರಿ ಹೆಂಗಸು, ಅವಿಧೇಯಳು ಎಂದು ಜರೆದರು. ಅದೇ ಹೆಂಗಸನ್ನು 1970ರಲ್ಲಿ ಆರನೇ ಪಾಲ್ ಪೋಪರು ಧರ್ಮಸಭೆಯ ಪಂಡಿತೆಯೆಂದು ಸಾರಿದರು. ಆ ಪದವಿ ಪಡೆದ ಮೊದಲ ಹೆಣ್ಣು ಅವರೇ.

ಬೆಳೆಗಾರರು ಮಳೆಗೆ ನಿಲ್ಲಿಸಿದರು, ನಾನು ಇನ್ನೊಂದು ಹೆಜ್ಜೆ ಇಡುತ್ತೇನೆ. ಕೋಟೆಯ ಏಳನೆಯ, ಕಟ್ಟಕಡೆಯ ಅಂಕಣದಲ್ಲಿ ಇಷ್ಟೆಲ್ಲ ಅನುಗ್ರಹ ಯಾತಕ್ಕೆಂದರೆ ಕೆಲಸ ಹುಟ್ಟಲಿಕ್ಕೆ ಎನ್ನುತ್ತಾರೆ. ಅಡುಗೆಮನೆಯ ಮಡಕೆಗಳ ನಡುವೆಯೂ ದೇವರು ಓಡಾಡುತ್ತಾನೆ ಎಂದವರಿಗೆ ಮನೆಯ ಕ್ರಯಪತ್ರ, ಸೋರುವ ಸೂರು, ಗಾಡಿಯ ಬಾಡಿಗೆ ಬೇರೆ ಲೋಕದ ಸಂಗತಿಗಳಾಗಿರಲಿಲ್ಲ.

ಹಾಸನದ ಓದುಗ:

ಮೂವರಿಗೂ ಕೃತಜ್ಞ. ಎಂಟು ಗಂಟೆಯ ಆ ಪ್ರಸಂಗವನ್ನು ಹಿರಿಯರಿಗೆ ದೂರವಾಣಿಯಲ್ಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕ ತಂದುಕೊಡು ಎಂದರು. ಸಭೆಯನ್ನು ನಾಲ್ಕು ನೀರಿನ ಅಧ್ಯಾಯದಿಂದಲೇ ಆರಂಭಿಸುತ್ತೇನೆ. ಬೆಳೆಗಾರರು ಸ್ಪ್ರಿಂಕ್ಲರ್ ಕೆಲಸದಿಂದ ಬಿಡುವಾದರೆ ಖಂಡಿತ ಬರಬೇಕು.