ಪದವಿನ ಜಾಗದಲ್ಲಿ ಕಟ್ಟಡ: ಕಪ್ಪೆ, ಹಕ್ಕಿ ಉಳಿಸಿಕೊಂಡು ಪ್ಲಾನ್ ಮಾಡಿದವರು ಇದ್ದೀರಾ?

ಮಣಿಪಾಲದ ಹತ್ತಿರ ಪದವಿನಲ್ಲಿ (ಮುರಕಲ್ಲಿನ ಬಯಲುಗುಡ್ಡ) ನಮ್ಮದು ಐದು ಎಕರೆ ಜಾಗ ಉಂಟು. ಬರೀ ಪಾದೆ (ಹಾಸುಬಂಡೆ), ಮುಳಿಹುಲ್ಲು. ಗೋಡೌನ್ ಮತ್ತು ಒಂದು ಸಾಲು ಅಂಗಡಿ ಕಟ್ಟುವ ಯೋಚನೆ. ಕನ್ವರ್ಷನ್ (ಕೃಷಿಯೇತರ ಬಳಕೆಗೆ ಭೂ ಪರಿವರ್ತನೆ) ಆಗಿದೆ, ಪ್ಲಾನ್ ಇನ್ನೂ ಹಾಕಿಸಿಲ್ಲ. ಅಷ್ಟರಲ್ಲಿ ಪರಿಚಯದವರೊಬ್ಬರು, ಅಲ್ಲಿ ಅಪರೂಪದ ಕಪ್ಪೆ ಇರಬಹುದು ನೋಡಿ ಎಂದರು. ಎಲ್ಲಿಂದ ಶುರು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಉಡುಪಿಯಿಂದ, ಮಳೆಗಾಲದಲ್ಲಿ ಪದವು ಸುತ್ತುವವರು:
ಪ್ಲಾನ್ ಹಾಕಿಸುವ ಮೊದಲೇ ಕೇಳಿದಿರಲ್ಲ, ತುಂಬಾ ಸಂತೋಷ ಆಯಿತು. ನಾನು ಹೇಳುವುದು ಒಂದೇ ಮಾತು. ಒಂದು ಮಳೆಗಾಲ ಜಾಗ ನೋಡದೆ ಪ್ಲಾನ್ ಹಾಕಿಸಬೇಡಿ. ಏಪ್ರಿಲ್‌ನಲ್ಲಿ ಎಂಥ ತಜ್ಞರನ್ನು ಕರೆದುಕೊಂಡು ಹೋದರೂ ಕಾಣುವುದು ಕಪ್ಪಾದ ಕಲ್ಲು ಮತ್ತು ಒಣಹುಲ್ಲು ಮಾತ್ರ. "ಇಲ್ಲಿ ಎಂಥದೂ ಇಲ್ಲ" ಎಂದು ಬರೆದುಕೊಟ್ಟು ಹೋಗುತ್ತಾರೆ.

ಅದೇ ಜಾಗಕ್ಕೆ ಮಳೆ ಸರಿಯಾಗಿ ಹಿಡಿದ ಮೇಲೆ ರಾತ್ರಿ ಹೋಗಿ. ಪಾದೆಯ ತಗ್ಗುಗಳಲ್ಲಿ ಸ್ವಲ್ಪ ಸ್ವಲ್ಪ ನೀರು ನಿಂತಿರುತ್ತದೆ. ಜೀರುಂಡೆ ಕೂಗಿದ ಹಾಗೆ ಸದ್ದು ಬರುತ್ತದೆ. ಟಾರ್ಚ್ ಹಾಕಿ ಹುಲ್ಲಿನ ಬುಡ ಹುಡುಕಿದರೆ ಉಗುರಿನಷ್ಟು ಕಪ್ಪೆ. ತಿಳಿ ಕಂದು ಮೈ, ಬೆನ್ನ ಮೇಲೆ ಕಪ್ಪು ಗುರುತು, ಉದ್ದ ಸುಮಾರು 1.6 ಸೆಂಟಿಮೀಟರ್. 2016ರಲ್ಲಿ ಇದನ್ನು ಹೊಸ ಜಾತಿ ಎಂದು ಜಗತ್ತಿಗೆ ತಿಳಿಸಿದ್ದು ನಮ್ಮ ಮಣಿಪಾಲದಲ್ಲಿ ಸಿಕ್ಕ ಕಪ್ಪೆಯಿಂದಲೇ. ಹೆಸರೂ ಮುರಕಲ್ಲಿನದೇ, ಮೈಕ್ರೋಹೈಲಾ ಲ್ಯಾಟರೈಟ್ (ಲ್ಯಾಟರೈಟ್ ಎಂದರೆ ಮುರಕಲ್ಲು). ಇದು ಸಿಕ್ಕಿರುವ ಪ್ರದೇಶ ಬಹಳ ಚಿಕ್ಕದು. ಹಾಗಾಗಿ ಇದನ್ನು ಗುರುತಿಸಿದ ಸಂಶೋಧಕರ ತಂಡವೇ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಬೇಕು ಎಂದು ಹೇಳಿತು. ಆದರೆ ಸರಕಾರಿ ಲೆಕ್ಕದಲ್ಲಿ ಇಂಥ ಜಾಗಗಳು ಬಂಜರು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಕಪ್ಪೆ ಮಾತ್ರ ಅಲ್ಲ. ಬದಿಯಲ್ಲಿ ಹುತ್ತ, ಪೊದೆ ಇದ್ದರೆ ಚಿಪ್ಪುಹಂದಿ ಬಿಲ ಉಂಟಾ ನೋಡಿ. ಟಿಟ್ಟಿಭ ಹಕ್ಕಿ ಬರೀ ನೆಲದಲ್ಲೇ ಮೊಟ್ಟೆ ಇಡುತ್ತದೆ, ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮಂಗಳೂರಿನಿಂದ, ಸಿವಿಲ್ ಎಂಜಿನಿಯರ್:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಟ್ಟುವವರ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಜೋರು ಮಳೆ ಬಂದ ಮರುದಿನ ಪೇಂಟ್ ಡಬ್ಬ ಹಿಡಿದುಕೊಂಡು ಹೋಗಿ. ನೀರು ನಿಂತ ಅಂಚಿಗೆ ಕಲ್ಲಿನ ಮೇಲೆ ಗುರುತು ಹಾಕಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಇಳಿಯುತ್ತದೆ ಎಂದೂ ಬಾಣ ಹಾಕಿ. ಮಳೆ ಬಿಟ್ಟ ಮೇಲೆ ಸರ್ವೆಯವರಿಗೆ ಆ ಗುರುತನ್ನೇ ನಕ್ಷೆಗೆ ಏರಿಸಲು ಹೇಳಿ. ಆಮೇಲೆ ಕಟ್ಟಡವನ್ನು ರಸ್ತೆ ಬದಿಗೆ ಒತ್ತೊತ್ತಾಗಿ ತನ್ನಿ, ನೀರಿನ ಪಾದೆ ಒಂದೇ ತುಂಡಾಗಿ ಹಿಂದೆ ಉಳಿಯಲಿ. ನಡುವೆ ರಸ್ತೆ ಹಾಕಿ ಎರಡು ಮಾಡಬೇಡಿ. ಇಡೀ ಜಾಗ ಲೆವೆಲ್ ಮಾಡಲು ಜೆಸಿಬಿಯವರಿಗೆ ಒಪ್ಪಿಸಿದರೆ ಒಂದೇ ದಿನದಲ್ಲಿ ಎಲ್ಲ ಮುಗಿಯುತ್ತದೆ, ಮತ್ತೆ ಸರಿ ಮಾಡಲು ಆಗುವುದಿಲ್ಲ ಮಾರಾಯ್ರೆ. ಪಾರ್ಕಿಂಗಿನ ನೀರು, ಸಿಮೆಂಟ್ ತೊಳೆದ ನೀರು ಆ ಕಡೆ ಹೋಗಬಾರದು. ಸೊಳ್ಳೆ ಆಗುತ್ತದೆ ಎಂದು ಗ್ಯಾಂಬೂಸಿಯಾ ಮೀನು ಬಿಡಬೇಡಿ, ಅದು ಗೊದಮೊಟ್ಟೆಯನ್ನೂ ತಿನ್ನುತ್ತದೆ. "ಕಪ್ಪೆ ಹಿಡಿದು ಬೇರೆ ಕಡೆ ಬಿಡುವ" ಎಂದು ಕಾಂಟ್ರಾಕ್ಟರ್ ಹೇಳಿದರೆ ಒಪ್ಪಬೇಡಿ. ಉಳಿಸಬೇಕಾದ್ದು ಆ ನೀರು ನಿಲ್ಲುವ ಜಾಗವನ್ನು.

ಕಾನೂನು ವಿಷಯ ಚುಟುಕಾಗಿ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮೊದಲೇ ಪರಿಸರ ಅನುಮತಿ ಬೇಕು. ಕನ್ವರ್ಷನ್ ಆಯಿತು ಎಂದು ಮರ ಕಡಿಯಲು ಆಗುವುದಿಲ್ಲ, 1976ರ ಮರ ಸಂರಕ್ಷಣಾ ಕಾಯ್ದೆ ಉಂಟು. 1972ರ ವನ್ಯಜೀವಿ ಕಾಯ್ದೆ ಸ್ವಂತ ಜಾಗಕ್ಕೂ ಅನ್ವಯ. ಚಿಪ್ಪುಹಂದಿ ಅದರ ಒಂದನೇ ಪಟ್ಟಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ. ನಿಮ್ಮದು 20,000ಕ್ಕಿಂತ ಚಿಕ್ಕದಾದರೆ ಕಪ್ಪೆ ಬಗ್ಗೆ ಕೇಳುವವರೇ ಇರಲಿಕ್ಕಿಲ್ಲ. ಹಾಗಾಗಿ ಎಲ್ಲವೂ ನಿಮ್ಮ ಕೈಯಲ್ಲೇ ಇದೆ.

ಸಸಿಹಿತ್ಲು ಕಡೆಯಿಂದ, ಹೋಮ್‌ಸ್ಟೇ ನಡೆಸುವವರು:
ನಮ್ಮದು ಕಡಲ ಬದಿ. ಇಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿ ಕಾಯುತ್ತಾರೆ. ಮರಿಗಳು ಬೆಳಕು ಕಂಡ ಕಡೆಗೆ ಹೋಗುತ್ತವೆ. ಕಡಲಿನ ಕಡೆ ಲೈಟ್ ಇಟ್ಟರೆ ದಾರಿ ತಪ್ಪಿ ರಸ್ತೆಗೆ ಬರುತ್ತವೆ. ನಾವು ಹೊರಗಿನ ಲೈಟುಗಳನ್ನೆಲ್ಲ ತಗ್ಗಿಸಿ, ನೆಲಕ್ಕೆ ಬೀಳುವ ಹಾಗೆ ತಿರುಗಿಸಿದ್ದೇವೆ. ಖರ್ಚು ಎಂಥದೂ ಜಾಸ್ತಿ ಬರಲಿಲ್ಲ. ನಿಮ್ಮ ಗೋಡೌನಿಗೂ ಪಾದೆಯ ಕಡೆ ಫ್ಲಡ್‌ಲೈಟ್ ಬೇಡ ಅಣ್ಣ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಒಂದು ಸಂಶಯ. ಮಳೆಗಾಲ ಮುಗಿಯುವವರೆಗೆ ಕಾದರೆ ಸಾಲದ ಬಡ್ಡಿ ಏರುತ್ತದೆ ಎಂದು ಅಪ್ಪ ಹೇಳುತ್ತಾರೆ.

ಸಿವಿಲ್ ಎಂಜಿನಿಯರ್:
ಅಪ್ಪನ ಚಿಂತೆ ಸರಿಯೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಪಂಚಾಂಗದ (ಅಡಿಪಾಯದ) ಕೆಲಸ ಯಾರು ಶುರು ಮಾಡುತ್ತಾರೆ ಹೇಳಿ? ಆ ಸಮಯ ಹೇಗೂ ಖಾಲಿ. ಸಾಲ ಮಂಜೂರಾಗಿದ್ದರೂ ಮೊದಲ ಕಂತು ಅಕ್ಟೋಬರ್‌ಗೆ ತೆಗೆದುಕೊಳ್ಳಿ, ಅಲ್ಲಿವರೆಗೆ ಬಡ್ಡಿ ಬೀಳುವುದಿಲ್ಲ.

ಪದವು ಸುತ್ತುವವರು:
ಕಾಲೇಜಿನ ಪ್ರಾಣಿಶಾಸ್ತ್ರದವರನ್ನೂ ಕರೆಯಿರಿ. ಕಪ್ಪೆಯ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಗುರುತು ಹಿಡಿಯಲು ಸುಲಭ. ಮಳೆ ಹಿಡಿದ ಮೇಲೆ ತಿಳಿಸಿ, ನಾನೂ ಬರುತ್ತೇನೆ. ಗಂಬೂಟು ಹಾಕಿಕೊಳ್ಳಿ. ಪಾದೆ ಜಾರುತ್ತದೆ, ಹಾವಿನ ಭಯವೂ ಉಂಟು.